ಗೊತ್ತಿದ್ದೂ ಕೇಳುವ ಮೇಷ್ಟ್ರು

ನನ್ನ ತಮ್ಮ ಒಂದೇ ಒಂದು ದಿನವೂ ಯಾವ ಶಾಲೆಯಲ್ಲೂ ಪಾಠ ಹೇಳಿದವನಲ್ಲ. ಆದರೂ ನಮ್ಮ ಕಟ್ಟಡದಲ್ಲಿ, ಎದುರಿನ ಬೀದಿಯಲ್ಲಿ, ಮೂಲೆಯ ಔಷಧಿ ಅಂಗಡಿಯಲ್ಲಿ ಎಲ್ಲರೂ ಅವನನ್ನು ಮೇಷ್ಟ್ರು ಎಂದೇ ಕರೆಯುತ್ತಾರೆ. ಆ ಹೆಸರು ಗೌರವಕ್ಕೆ ಇಟ್ಟದ್ದಲ್ಲ ಎನ್ನುವುದು ಅವನೊಬ್ಬನನ್ನು ಬಿಟ್ಟು ಊರಿಗೆಲ್ಲ ಗೊತ್ತು. ಯಾರಾದರೂ ಮೇಷ್ಟ್ರೇ ಎಂದರೆ ಅವನು ಕತ್ತು ಸ್ವಲ್ಪ ವಾಲಿಸಿ ನಗುತ್ತಾನೆ, ನನಗೆ ಮೈ ಉರಿಯುತ್ತದೆ.

ಅವನ ನಿಜವಾದ ಕಸುಬು ಬೊಂಬೆಗಳಿಗೆ ಬಟ್ಟೆ ತೊಡಿಸುವುದು. ದೊಡ್ಡ ಬೀದಿಯ ಬಟ್ಟೆ ಅಂಗಡಿಯ ಗಾಜಿನ ಹಿಂದೆ ತಲೆಯಿಲ್ಲದ ಬೊಂಬೆಗಳು ಸಾಲಾಗಿ ನಿಂತಿರುತ್ತವಲ್ಲ, ಯಾವುದಕ್ಕೆ ಯಾವ ಕೋಟು, ಯಾವುದರ ಕೈ ಸೊಂಟದ ಮೇಲಿರಬೇಕು ಎಂದು ತೀರ್ಮಾನಿಸುವವನು ಇವನು. ಅಂಗಿ ಬೊಂಬೆಗೆ ದೊಗಳೆಯಾದರೆ ಬೆನ್ನ ಕಡೆ ಬಟ್ಟೆಯನ್ನು ಎಳೆದು ಹಿಡಿದು ಉದ್ದಕ್ಕೂ ಗುಂಡುಸೂಜಿ ಚುಚ್ಚುತ್ತಾನೆ. ಬೀದಿಯಿಂದ ನೋಡಿದವರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ ಕಾಣುತ್ತದೆ, ಹಿಂದೆ ಹೋಗಿ ನೋಡಿದರೆ ಬರೀ ಸೂಜಿ. ಈ ವಿದ್ಯೆ ಅವನ ಕೈಗೆ ಎಷ್ಟು ಹತ್ತಿದೆಯೆಂದರೆ ಮನೆಯನ್ನೂ ಅವನು ಹಾಗೆಯೇ ನಡೆಸುತ್ತಾನೆ.

ಅಂಗಡಿಗೆ ಅವನು ಹೋಗುವುದು ಮಧ್ಯಾಹ್ನದ ಮೇಲೆ. ಅವನ ಹೆಂಡತಿ ಕಣ್ಣಾಸ್ಪತ್ರೆಯಲ್ಲಿ ದಾದಿ. ಬೆಳಿಗ್ಗೆ ಹೋದವಳು ಮಧ್ಯಾಹ್ನ ಬಂದು ಇವನನ್ನು ಬಿಡುಗಡೆ ಮಾಡುತ್ತಾಳೆ. ನಡುವಿನ ಹೊತ್ತೆಲ್ಲ ಮೇಷ್ಟ್ರದ್ದು, ಮತ್ತು ಮೇಷ್ಟ್ರ ಕೈಗೆ ಸಿಕ್ಕಿಕೊಂಡ ಮಗುವಿನದ್ದು. ಆ ಮಗುವಿಗೆ ಇನ್ನೂ ಐದು ತುಂಬಿಲ್ಲ. ನಡೆಯಲು ಕಲಿತ ಹೊಸತರಲ್ಲಿ ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಿದ್ದಳೆಂದು ನಮ್ಮಪ್ಪ ಅವಳಿಗೆ ಬುಗುರಿ ಎಂದು ಹೆಸರಿಟ್ಟರು. ಅದೇ ಉಳಿಯಿತು.

ನೆರೆಯ ಮಕ್ಕಳೆಲ್ಲ ಬೆನ್ನಿಗೆ ಚೀಲ ಹಾಕಿಕೊಂಡು ಶಿಶುವಿಹಾರಕ್ಕೆ ಹೊರಟಾಗ ನನ್ನ ತಮ್ಮ ಎದೆಯುಬ್ಬಿಸಿ ಸಾರಿದ, ತನ್ನ ಮಗಳು ಶಾಲೆಗೆ ಹೋಗುವುದಿಲ್ಲ, ಮನೆಯಲ್ಲೇ ಆಡುತ್ತಾ ಆಡುತ್ತಾ ಕಲಿಯುತ್ತಾಳೆ ಎಂದು. ನಿಜ ಹೇಳುತ್ತೇನೆ, ಆ ಮಾತು ನನಗೆ ಹಿಡಿಸಿತ್ತು. ಅಷ್ಟು ಚಿಕ್ಕ ಮಗುವನ್ನು ಬೆಂಚಿನ ಮೇಲೆ ಕೂರಿಸಿ ಏನಾಗಬೇಕು? ಅಡುಗೆಮನೆ ಇದೆ, ಮೆಟ್ಟಿಲಿದೆ, ಕೆಳಗೆ ನನ್ನ ಡ್ರೈಕ್ಲೀನಿಂಗ್ ಅಂಗಡಿಯಿದೆ, ಮನೆಯಲ್ಲಿ ತಾತನಿದ್ದಾರೆ. ಇಷ್ಟರ ನಡುವೆ ಬಿಟ್ಟರೆ ಯಾವ ಮಗುವೂ ತನ್ನ ಪಾಡಿಗೆ ಬೆಳೆಯುತ್ತದೆ. ಆದರೆ ನನ್ನ ತಮ್ಮನಿಗೆ ಬಿಡುವುದು ಗೊತ್ತಿಲ್ಲ.

ಬೆಳಿಗ್ಗೆ ಮೊಟ್ಟೆ ಬೇಯಿಸಿದರೆ ಮಗು ಅದನ್ನು ತಿನ್ನುವ ಹಾಗಿಲ್ಲ. ಮೊದಲು ಅದರ ಆಕಾರ ಹೇಳಬೇಕು, ಆಮೇಲೆ ಬಣ್ಣ, ಕತ್ತರಿಸಿದ ಮೇಲೆ ಎಷ್ಟು ತುಂಡಾಯಿತು ಎನ್ನುವುದು. ಅಷ್ಟರಲ್ಲಿ ಮೊಟ್ಟೆ ತಣ್ಣಗಾಗಿರುತ್ತದೆ. ಯಾಕೆ ತಣ್ಣಗಾಯಿತು ಎಂದು ಅದಕ್ಕೂ ಒಂದು ಪ್ರಶ್ನೆ. ಸ್ನಾನಕ್ಕೆ ಕರೆದುಕೊಂಡು ಹೋದರೆ ಸೋಪು ಮುಳುಗುತ್ತೋ ತೇಲುತ್ತೋ, ಬಾಚಣಿಗೆ ಮುಳುಗುತ್ತೋ ತೇಲುತ್ತೋ. ಮಗು ಒದ್ದೆ ಮೈಯಲ್ಲಿ ನಿಂತು ಹಲ್ಲು ಕಟಕಟ ಎನ್ನಿಸುತ್ತಾ ಉತ್ತರ ಹೇಳಬೇಕು. ಮೆಟ್ಟಿಲು ಹತ್ತುವಾಗ ಎಣಿಸಬೇಕು, ಇಳಿಯುವಾಗ ಹಿಂದುಮುಂದಾಗಿ ಎಣಿಸಬೇಕು. ಒಗೆದ ಕಾಲುಚೀಲಗಳನ್ನು ಜೋಡಿ ಮಾಡಬೇಕು. ಅವಳು ಪಾಪ ಎಲ್ಲ ಜೋಡಿ ಮಾಡಿಟ್ಟರೆ, ಫೋಟೊದಲ್ಲಿ ಬೆಳಕು ಸರಿಯಾಗಿ ಬರಲಿಲ್ಲವೆಂದು ಇವನೇ ಕಲಸಿಹಾಕಿ ಇನ್ನೊಮ್ಮೆ ಮಾಡಿಸುತ್ತಾನೆ. ಫೋಟೊ ಯಾಕೆಂದರೆ, ಇವನಂಥವರದೇ ಒಂದು ಗುಂಪು ಫೋನಿನಲ್ಲಿದೆ. ಅಲ್ಲಿ ಒಬ್ಬರ ಮಕ್ಕಳನ್ನು ಇನ್ನೊಬ್ಬರು ಹೊಗಳಿಕೊಂಡು ಕೂತಿರುತ್ತಾರೆ.

ದಿನದಲ್ಲಿ ಒಂದಿಷ್ಟು ಹೊತ್ತನ್ನು ಸ್ವತಂತ್ರ ಆಟಕ್ಕೆಂದು ಮೀಸಲಿಟ್ಟಿದ್ದ. ಅದಕ್ಕೆ ಬಾರಿಸಲು ಒಂದು ಗಂಟೆ ಬೇರೆ. ಒಮ್ಮೆ ನಾನು ಮೇಲೆ ಹೋದಾಗ ಗಂಟೆ ಬಾರಿಸಿ, ಈಗ ನಿನಗೆ ಇಷ್ಟ ಬಂದದ್ದು ಆಡು ಎಂದ. ಬುಗುರಿ ಚಾಪೆಯ ಮೇಲೆ ಕೈಕಟ್ಟಿ ಕೂತು, ಈಗ ಏನು ಕಲೀಬೇಕಪ್ಪ ಎಂದು ಕೇಳಿದಳು. ಒಂದು ಕಾಲದಲ್ಲಿ ಗಿರಗಿರ ತಿರುಗುತ್ತಿದ್ದ ಮಗು. ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ತಮ್ಮ ಮಾತ್ರ ಹಿಗ್ಗಿ ಹೀರೇಕಾಯಿಯಾಗಿ, ನೋಡಕ್ಕ, ಕಲಿಕೆಯ ಹಸಿವು ಅಂದರೆ ಇದು ಎಂದ.

ಇವೆಲ್ಲಕ್ಕೂ ಕಿರೀಟವಿಟ್ಟಂತೆ ಇದ್ದದ್ದು ಸುಳಿವಿನ ಆಟ. ಅವನು ಮರದ ಸೌಟನ್ನೋ ಟೋಪಿಯನ್ನೋ ಎಲ್ಲೋ ಅಡಗಿಸಿಟ್ಟು, ಎಲ್ಲಿದೆ ಹೇಳು ಎಂದು ಕೇಳುತ್ತಾನೆ. ಹುಡುಕುವಾಗ ಹತ್ತಿರ ಬಂದರೆ ಬಿಸಿ, ದೂರ ಹೋದರೆ ತಣ್ಣಗೆ ಎನ್ನುತ್ತಾನೆ. ಆಮೇಲೆ ಅವಳ ಸರದಿ: ಅವಳು ಅಡಗಿಸುತ್ತಾಳೆ, ಇವನು ಹುಡುಕುತ್ತಾನೆ. ನಿಯಮವೇನೆಂದರೆ ಜಾಗದ ಹೆಸರು ಹೇಳಬಾರದು, ಸುಳಿವು ಮಾತ್ರ ಕೊಡಬೇಕು. ಬಾಯಿ ತಪ್ಪಿ ಹೇಳಿಬಿಟ್ಟರೆ ಅವತ್ತಿನ ಬಣ್ಣದ ನಕ್ಷತ್ರ ಹೋಯಿತು. ನೇರ ಉತ್ತರ ಹೇಳಿದರೆ ಮಿದುಳು ಸೋಮಾರಿಯಾಗುತ್ತದೆ ಎನ್ನುವುದು ಅವನ ಸಿದ್ಧಾಂತ.

ಅದರ ಫಲ ಉಂಡವಳು ನಾನು. ಒಂದು ದಿನ ಅಂಗಡಿಯಲ್ಲಿ ಕತ್ತರಿ ಕಾಣಿಸಲಿಲ್ಲ. ಗಿರಾಕಿ ಎದುರಿಗೆ ನಿಂತಿದ್ದಾರೆ, ಕೋಟಿನ ಚೀಟಿಯ ದಾರ ಕತ್ತರಿಸಬೇಕು. ಅಲ್ಲೇ ಗುಂಡಿ ಪೋಣಿಸುತ್ತಾ ಕೂತಿದ್ದ ಬುಗುರಿಯನ್ನು ಕೇಳಿದೆ. ಅವಳು ಗಂಭೀರವಾಗಿ, ಅದರ ಮೇಲೆ ನೀಲಿ ಇದೆ, ಅದರ ಕೆಳಗೆ ನಾಲ್ಕು ಕಾಲಿದೆ ಎಂದಳು. ಇಷ್ಟು ಎಳೆಯ ಬಾಯಲ್ಲಿ ಅಡ್ಡಗೋಡೆಯ ಮೇಲೆ ದೀಪವಿಟ್ಟಂಥ ಮಾತು! ಮೇಜಿನ ಮೇಲೆ ನೀಲಿ ಟವೆಲಿನ ಅಡಿಯಲ್ಲಿ ಕತ್ತರಿ ಸಿಗುವಷ್ಟರಲ್ಲಿ ಗಿರಾಕಿ ದಾರವನ್ನು ಹಲ್ಲಿನಿಂದ ಕಚ್ಚಿ ಹರಿದುಕೊಂಡು ಹೋಗಿದ್ದರು.

ಒಬ್ಬರ ಹತ್ತಿರ ಮಾತ್ರ ಅವಳು ಹಾಗೆ ಮಾತಾಡುತ್ತಿರಲಿಲ್ಲ. ಅದು ನಮ್ಮಪ್ಪ.

ಅಪ್ಪ ಅಂಚೆಯವರಾಗಿದ್ದರು. ಊರಿನ ಬೀದಿ ಬೀದಿ ನಡೆದು, ಯಾರ ಮನೆಯ ನಾಯಿ ಕಚ್ಚುತ್ತದೆ, ಯಾರದ್ದು ಬರೀ ಬೊಗಳುತ್ತದೆ ಎನ್ನುವುದನ್ನೂ ತಿಳಿದಿದ್ದವರು. ಈಗ ಅವರಿಗೆ ಅಡುಗೆಮನೆಯಿಂದ ತಮ್ಮ ಕೋಣೆಗೆ ಹೋಗುವ ದಾರಿ ತಪ್ಪುತ್ತದೆ. ಇವತ್ತು ಯಾವ ವಾರ, ನಾನು ಊಟ ಮಾಡಿದೆನಾ, ನೀನು ಯಾರ ಮಗು ಎಂದು ಕೇಳುತ್ತಾರೆ, ಉತ್ತರ ಕೇಳಿ ತಲೆಯಾಡಿಸುತ್ತಾರೆ, ಸ್ವಲ್ಪ ಹೊತ್ತಿಗೆ ಮತ್ತೆ ಅದನ್ನೇ ಕೇಳುತ್ತಾರೆ. ನನಗೇ ಕೆಲವು ಸಲ ತಾಳ್ಮೆ ತಪ್ಪುತ್ತದೆ. ಬುಗುರಿಗೆ ಒಂದು ದಿನವೂ ತಪ್ಪಿದ್ದನ್ನು ಕಾಣೆ. ಇವತ್ತು ಗುರುವಾರ ತಾತ. ಊಟ ಆಯ್ತು ತಾತ, ಬಾಳೆಹಣ್ಣೂ ತಿಂದೆ. ನಾನು ನಿನ್ನ ಮಗನ ಮಗಳು ತಾತ. ಪ್ರತಿ ಸಲವೂ ಮೊದಲ ಸಲ ಕೇಳಿಸಿಕೊಂಡ ಹಾಗೆ, ಮುಖ ಅರಳಿಸಿಕೊಂಡು ಹೇಳುತ್ತಿದ್ದಳು. ಅವಳಿಗೆ ತಾತನ ಮೇಲೆ ಅಷ್ಟು ಪ್ರೀತಿ ಎಂದುಕೊಂಡು ನಾನು ಸುಮ್ಮನಿದ್ದೆ.

ಇದನ್ನು ನೋಡಿ ಸಂತೋಷಪಡಬೇಕಾದ ಮೇಷ್ಟ್ರಿಗೆ ಕಣ್ಣು ಕೆಂಪಾಗುತ್ತಿತ್ತು. ಒಂದೇ ಪ್ರಶ್ನೆಗೆ ಮತ್ತೆ ಮತ್ತೆ ಉತ್ತರ ಹೇಳಿ ಮಗಳ ಏಕಾಗ್ರತೆ ಹಾಳಾಗುತ್ತಿದೆಯಂತೆ. ಪಾಠದ ನಡುವೆ ಅಪ್ಪ ಬಂದು ವಾರ ಕೇಳಿದರೆ ಅವಳು ಎಲ್ಲ ಬಿಟ್ಟು ಅವರ ಕಡೆ ತಿರುಗುತ್ತಾಳಂತೆ. ಮೊದಮೊದಲು ಇದು ಗೊಣಗಾಟವಾಗಿತ್ತು. ಆಮೇಲೆ ಅಪ್ಪ ಮಧ್ಯಾಹ್ನ ಮಲಗಿದ್ದಾಗ ಇವನು ಕಾಲು ತುದಿಯಲ್ಲಿ ನಡೆದು ಅವರ ಕೋಣೆಯ ಗೋಡೆಗಳಿಗೆ ಅಳತೆ ಟೇಪು ಹಿಡಿಯುತ್ತಿದ್ದುದನ್ನು ನಾನೇ ನೋಡಿದೆ. ಮನೆಯಲ್ಲಿ ಒಳ್ಳೆಯ ಬೆಳಕಿರುವ ಕಿಟಕಿ ಆ ಕೋಣೆಯದ್ದು. ಅಲ್ಲಿ ಮಗುವಿನ ಎತ್ತರಕ್ಕೆ ಕಪಾಟು ಮಾಡಿಸಿ ಆಟದ ಕೋಣೆ ಮಾಡುತ್ತಾನಂತೆ. ಅಪ್ಪನನ್ನು ಊರಾಚೆಯ ವೃದ್ಧಾಶ್ರಮದಲ್ಲಿ ಬಿಡುವುದಂತೆ, ಸದ್ಯಕ್ಕೆ ಒಂದು ತಿಂಗಳು, ನೋಡೋಣವಂತೆ.

ಒಂದು ತಿಂಗಳು ಎಂದು ಕಳಿಸಿದವರನ್ನು ಯಾರು ವಾಪಸು ಕರೆಸುತ್ತಾರೆ? ಕಪಾಟು ಬಂದು ಗೋಡೆಗೆ ಕೂತ ಮೇಲೆ ಮಂಚ ಎಲ್ಲಿ ಹಾಕುತ್ತಾರೆ? ನಾನು ಬಾಯಿಗೆ ಬಂದಂತೆ ಬೈದೆ. ಅಪ್ಪನನ್ನು ನನ್ನ ಹತ್ತಿರ ಇಟ್ಟುಕೊಳ್ಳೋಣವೆಂದರೆ ನಾನಿರುವುದು ಅಂಗಡಿಯ ಹಿಂದಿನ ಒಂದೇ ಕೋಣೆ. ಪಕ್ಕದಲ್ಲೇ ಹಬೆಯ ಇಸ್ತ್ರಿ, ಬಿಸಿ ಪೈಪು. ಹಿಂದೊಮ್ಮೆ ಅಪ್ಪ ಮೇಜು ಎಂದುಕೊಂಡು ಇಸ್ತ್ರಿಯ ಮೇಲೆ ಕೈಯಿಟ್ಟು ಅಂಗೈ ಸುಟ್ಟುಕೊಂಡಿದ್ದರು. ಆ ಒಂದು ಮಾತನ್ನು ತಮ್ಮ ಗಟ್ಟಿಯಾಗಿ ಹಿಡಿದುಕೊಂಡ. ಅವನ ಹೆಂಡತಿ, ನನಗೂ ಮನಸ್ಸಿಲ್ಲ ಅತ್ತಿಗೆ, ಆದರೆ ಇವರು ಹಿಡಿದ ಹಟ ಬಿಡುವವರಲ್ಲ ಎಂದು ಕೈಚೆಲ್ಲಿದಳು.

ವೃದ್ಧಾಶ್ರಮದ ವ್ಯಾನು ಬರಬೇಕಾಗಿದ್ದ ಬೆಳಿಗ್ಗೆ ನಾನು ಇಸ್ತ್ರಿ ಆರಿಸಿ, ಅಂಗಡಿಯ ಮುಂದಿನ ಶಟರ್ ಎಳೆದು ಮೇಲೆ ಹೋದೆ. ಅಪ್ಪನಿಗೆ ಒಗೆದ ಬಿಳಿ ಅಂಗಿ ತೊಡಿಸಿ, ಕಾಲ ಬಳಿ ಒಂದು ಚೀಲವಿಟ್ಟು ನಡುಮನೆಯ ಕುರ್ಚಿಯಲ್ಲಿ ಕೂರಿಸಿದ್ದ ತಮ್ಮ. ಪಕ್ಕದ ಚಾಪೆಯ ಮೇಲೆ ಬುಗುರಿ ಕಾಲುಚೀಲ ಜೋಡಿ ಮಾಡುತ್ತಿದ್ದಳು. ಮೇಷ್ಟ್ರು ಅಪ್ಪನ ಕೋಣೆಯಲ್ಲಿ ಗೋಡೆಗೆ ಸೀಮೆಸುಣ್ಣದಿಂದ ಗೆರೆ ಎಳೆಯುತ್ತಿದ್ದ. ಅಪ್ಪ ಇನ್ನೂ ಹೊಸ್ತಿಲು ದಾಟಿಲ್ಲ, ಇವನು ಕಪಾಟಿಗೆ ಗೆರೆ ಎಳೆಯುತ್ತಿದ್ದಾನೆ! ನನ್ನ ಸಿಟ್ಟು ನೆತ್ತಿಗೇರಿತು. ಒಳಗೆ ನುಗ್ಗಿ ಬಾಗಿಲು ಮುಂದೆ ಮಾಡಿ ಜಗಳ ಶುರು ಮಾಡಿದೆ. ಅವನೂ ಬಿಡಲಿಲ್ಲ. ಅಪ್ಪನಿಗಾಗಿ ನಾನು ಗಂಟಲು ಹರಿದುಕೊಂಡೆ, ಮಗಳ ಭವಿಷ್ಯಕ್ಕಾಗಿ ಅವನು ಹರಿದುಕೊಂಡ.

ಕೆಳಗೆ ವ್ಯಾನಿನ ಹಾರನ್ ಕೇಳಿ ಹೊರಗೆ ಬಂದರೆ ಕುರ್ಚಿ ಖಾಲಿ. ಚೀಲ ಇದ್ದಲ್ಲೇ ಇದೆ, ಅಪ್ಪನ ಚಪ್ಪಲಿ ಇಲ್ಲ. ಮುಂಬಾಗಿಲ ಚಿಲಕ ತೆಗೆದಿತ್ತು, ಅದರ ಕೆಳಗೆ ಮಗುವಿನ ಸ್ಟೂಲು. ಸ್ಟೂಲು ಹಾಕಿಕೊಂಡು ಚಿಲಕ ತೆಗೆಯುವುದನ್ನು ಕಲಿಸಿದವನು ಮೇಷ್ಟ್ರೇ. ಬೆರಳಿಗೆ ಹಿಡಿತ ಬರಲಿ ಎಂದು ಕಲಿಸಿ, ಅದರ ವಿಡಿಯೊವನ್ನು ಕಂಡಕಂಡವರಿಗೆಲ್ಲ ತೋರಿಸಿದ್ದ. ಬುಗುರಿ ಚಾಪೆಯ ಮೇಲೇ ಕೂತಿದ್ದಳು. ಆದರೆ ಅವಳ ಕಾಲಲ್ಲೂ ಚಪ್ಪಲಿಯಿತ್ತು.

ಮೂಲೆ ತಿರುಗಿದರೆ ಲಾರಿಗಳು ಓಡಾಡುವ ದೊಡ್ಡ ರಸ್ತೆ. ತಮ್ಮ ಮಗಳ ಮುಂದೆ ಮಂಡಿಯೂರಿ ಕೂತು, ತಾತ ಎಲ್ಲಿ ಎಂದು ಕೇಳಿದ.

ಬುಗುರಿ ಬೆನ್ನು ನೆಟ್ಟಗೆ ಮಾಡಿಕೊಂಡಳು. "ಅಲ್ಲಿ ತುಂಬ ಜನ ಸಾಲಾಗಿ ನಿಂತಿದ್ದಾರೆ. ಯಾರಿಗೂ ತಲೆ ಇಲ್ಲ."

ಆಟ ಬೇಡ, ನೇರವಾಗಿ ಹೇಳು ಎಂದು ತಮ್ಮ ಅಂಗಲಾಚಿದ. ಹಾಗೆ ಹೇಳಿದರೆ ಮಿದುಳು ಸೋಮಾರಿಯಾಗುತ್ತೆ ಎಂದಳು. ನಕ್ಷತ್ರ ಕೊಡುತ್ತೇನೆ ಎಂದ. ಅವಳಿಗೆ ಅನುಮಾನ ಬಂದು ತುಟಿ ಬಿಗಿಹಿಡಿದಳು, ಯಾಕೆಂದರೆ ನಕ್ಷತ್ರದ ಆಸೆ ತೋರಿಸಿ ಪರೀಕ್ಷೆ ಮಾಡುವುದೂ ಅವನದೇ ಹಳೆಯ ಉಪಾಯ. ನಾನು ಗದರಿದೆ. ಗದರಿದ್ದಕ್ಕೆ ಅವಳ ಕಣ್ಣಲ್ಲಿ ನೀರು ತುಂಬಿತೇ ಹೊರತು ಬಾಯಿಂದ ಇನ್ನೊಂದು ಮಾತು ಬರಲಿಲ್ಲ.

ತಲೆಯಿಲ್ಲದ ಜನ ಎಂದರೆ ನನ್ನ ತಮ್ಮನಿಗೆ ಬೇರೆ ಏನು ಹೊಳೆಯಬೇಕು? ಅಂಗಡಿಯ ಬೊಂಬೆಗಳು ಎಂದು ಕೂಗಿಕೊಂಡು ಮೆಟ್ಟಿಲಿಳಿದ. ಅಪ್ಪ ಆ ರಸ್ತೆ ದಾಟಿ ಅಷ್ಟು ದೂರ ಹೇಗೆ ಹೋದರು, ಮಗು ಹೇಗೆ ವಾಪಸು ಬಂತು ಎಂದು ಯೋಚಿಸುವ ಸ್ಥಿತಿಯಲ್ಲಿ ಅವನೂ ಇರಲಿಲ್ಲ, ನಾನೂ ಇರಲಿಲ್ಲ. ಅಪ್ಪನನ್ನು ಸಾಗಿಸಲು ಬಂದಿದ್ದ ವ್ಯಾನಿನಲ್ಲೇ ಬುಗುರಿಯೂ ಸೇರಿ ನಾವು ಮೂವರೂ ಹತ್ತಿ ಕೂತೆವು. ದಾರಿಯುದ್ದಕ್ಕೂ ನಾನು ರಸ್ತೆಯ ಎರಡೂ ಕಡೆ ಬಗ್ಗಿ ಬಗ್ಗಿ ನೋಡುತ್ತಿದ್ದೆ. ಬಿಳಿ ಅಂಗಿಯ ಮುದುಕರು ಕಂಡಲ್ಲೆಲ್ಲ ನಿಲ್ಲಿಸಿ ಎಂದು ಕೂಗುತ್ತಿದ್ದೆ.

ಬಟ್ಟೆ ಅಂಗಡಿ ಆಗಷ್ಟೇ ತೆರೆದಿತ್ತು. ತಮ್ಮ ಮ್ಯಾನೇಜರನ್ನು ದಾಟಿಕೊಂಡು ಒಳಗೆ ನುಗ್ಗಿದ. ಬುಗುರಿಯ ಕೈಹಿಡಿದು ನಾನು ಗಾಜಿನ ಹೊರಗೇ ನಿಂತೆ. ಗಾಜಿನ ಒಳಗೆ ಪರದೆ ಸರಿಸಿ ಮೇಷ್ಟ್ರು ಕಾಣಿಸಿಕೊಂಡ. ಒಂದೊಂದು ಬೊಂಬೆಯ ಹಿಂದೆಯೂ ಬಗ್ಗಿ, ಅಪ್ಪಾ, ಅಪ್ಪಾ ಎಂದು ಕರೆಯುತ್ತಿದ್ದ. ದನಿ ಕೇಳುತ್ತಿರಲಿಲ್ಲ, ಬಾಯಿ ತೆರೆಯುವುದು ಮಾತ್ರ ಕಾಣುತ್ತಿತ್ತು. ಒಂದು ಕೋಟು ಅವನ ಗುಂಡಿಗೆ ಸಿಕ್ಕಿಕೊಂಡು ಬೆನ್ನಿನ ಸೂಜಿಗಳೆಲ್ಲ ಉದುರಿದವು. ಬೊಂಬೆಯ ಮೈಮೇಲೆ ಬಟ್ಟೆ ಜೋತುಬಿತ್ತು. ದಾರಿಹೋಕರು ನಿಂತು ನೋಡತೊಡಗಿದರು. ಜೀವಮಾನವಿಡೀ ಆ ಗಾಜನ್ನು ಜನ ನೋಡಲಿ ಎಂದು ಸಿಂಗರಿಸಿದವನು, ಅವತ್ತು ಕೂದಲು ಕೆದರಿಕೊಂಡು ಅದರೊಳಗೆ ನಿಂತಿದ್ದ. ಬೇರೆ ದಿನವಾಗಿದ್ದರೆ ಕಣ್ತುಂಬ ನೋಡಿ ಸಂತೋಷಪಡುತ್ತಿದ್ದೆ.

ಬುಗುರಿ ಗಾಜಿಗೆ ಮೂಗು ಒತ್ತಿ, ತಲೆಯಲ್ಲಾಡಿಸಿದಳು. "ತಣ್ಣಗೆ, ಅಪ್ಪ. ತುಂಬ ತಣ್ಣಗೆ. ತಾತ ಬಿಸಿ ಇರೋ ಕಡೆ ಇರೋದು."

ಬಿಸಿ ಇರುವ ಕಡೆ. ಸಾಲಾಗಿ ನಿಂತವರು. ತಲೆಯಿಲ್ಲದವರು. ದಿನ ಬೆಳಗಾದರೆ ಒಗೆದ ಕೋಟುಗಳನ್ನು ಹ್ಯಾಂಗರಿಗೆ ಹಾಕಿ ಸಾಲಾಗಿ ತೂಗುಹಾಕುವ ನನಗೆ ಅಲ್ಲಿಯವರೆಗೆ ಹೊಳೆದಿರಲಿಲ್ಲ. ಮೆಟ್ಟಿಲ ಬುಡದಲ್ಲೇ ನನ್ನ ಅಂಗಡಿಯ ಹಿಂಬಾಗಿಲು, ಅದಕ್ಕೆ ನಾನು ಹಗಲು ಹೊತ್ತಿನಲ್ಲಿ ಬೀಗ ಹಾಕುವುದೇ ಇಲ್ಲ. ನಾನು ಗಾಜನ್ನು ಮುಷ್ಟಿಯಿಂದ ಗುದ್ದಿ ತಮ್ಮನನ್ನು ಕರೆದೆ.

ಅದೇ ವ್ಯಾನಿನಲ್ಲಿ ವಾಪಸು ಬಂದು ನೋಡಿದರೆ ಅಪ್ಪ ನನ್ನ ಅಂಗಡಿಯಲ್ಲೇ ಇದ್ದರು. ಚಳಿಗಾಲದ ಕೋಟುಗಳ ಎರಡು ಸಾಲಿನ ನಡುವೆ, ನಾನು ಗುಂಡಿ ಹೊಲಿಯುವಾಗ ಕೂರುವ ಸ್ಟೂಲಿನ ಮೇಲೆ, ಒಂದು ಕಂದು ಕೋಟಿನ ತೋಳನ್ನು ಯಾರದೋ ಕೈ ಹಿಡಿದಂತೆ ಹಿಡಿದುಕೊಂಡು ಕೂತಿದ್ದರು. ಮಡಿಲಲ್ಲಿ ಒಂದು ಬಾಳೆಹಣ್ಣು. ಇಸ್ತ್ರಿ ಆರಿತ್ತು, ಪೈಪಿನ ಬಿಸಿ ಮಾತ್ರ ಕೋಣೆಯಲ್ಲಿ ಉಳಿದಿತ್ತು. ನಾನು ಅವರ ಕೈಗಳನ್ನು ತಿರುಗಿಸಿ ತಿರುಗಿಸಿ ನೋಡಿದೆ. ಎಲ್ಲೂ ಸುಟ್ಟಿರಲಿಲ್ಲ. ಅಲ್ಲಿಯೇ ಕೋಟುಗಳಿಗೆ ಒರಗಿ ನಿಂತು ಅತ್ತುಬಿಟ್ಟೆ.

ತಮ್ಮ ನೆಲದ ಮೇಲೆ ಕುಸಿದು ಕೂತ. ಇಲ್ಲಿಗೆ ಯಾಕೆ ಕರೆದುಕೊಂಡು ಬಂದೆ ಎಂದು ಬುಗುರಿಯನ್ನು ಕೇಳಿದೆ. ತಾತ ತಾವು ಎಲ್ಲಿಗೆ ಹೋಗಬೇಕು ಎಂದು ಕೇಳಿದರಂತೆ. ಅವಳಿಗೆ ಗೊತ್ತಿರಲಿಲ್ಲವಂತೆ. ನಮ್ಮನ್ನು ಕೇಳೋಣವೆಂದರೆ ನಾವಿಬ್ಬರೂ ಬಾಗಿಲು ಮುಚ್ಚಿಕೊಂಡು ಕೂಗಾಡುತ್ತಿದ್ದೆವಂತೆ. ಅದಕ್ಕೆ ಅತ್ತೆಯ ಅಂಗಡಿಗೆ ಕರೆತಂದು, ಕೂತಿರು, ಆಮೇಲೆ ಬಂದು ಹೇಳುತ್ತೇನೆ ಎಂದು ಹೇಳಿ ಹೋದಳಂತೆ.

"ನಾನು ಕೇಳಿದಾಗ ನೇರವಾಗಿ ಯಾಕೆ ಹೇಳ್ಲಿಲ್ಲ ಪುಟ್ಟಾ?" ಎಂದ ತಮ್ಮ.

"ನೀನು ಕೇಳೋದೆಲ್ಲ ನಿಂಗೆ ಮೊದಲೇ ಗೊತ್ತಿರುತ್ತಲ್ಲಪ್ಪ," ಎಂದಳು ಬುಗುರಿ. "ತಾತ ಮಾತ್ರ ಗೊತ್ತಿಲ್ದೆ ಕೇಳೋದು. ಅದಕ್ಕೇ ತಾತಂಗೆ ನಾನು ನೇರವಾಗೇ ಹೇಳ್ತೀನಿ."

ತಮ್ಮನ ಮುಖ ಬಿಳುಚಿಕೊಂಡಿತು. ಎಷ್ಟು ವರ್ಷ ಅವನನ್ನು ಬೈದಿದ್ದೇನೆ, ನನ್ನ ಒಂದು ಬೈಗುಳವೂ ಅವನಿಗೆ ಹಾಗೆ ತಾಗಿದ್ದನ್ನು ನಾನು ನೋಡಿಲ್ಲ. ಅಷ್ಟರಲ್ಲಿ ಅಪ್ಪ ಕೋಟಿನ ತೋಳು ಬಿಟ್ಟು, ನೆಲದ ಮೇಲೆ ಕೂತವನ ಕಡೆ ಬಗ್ಗಿ ನೋಡಿದರು. "ಇವನು ಯಾರಮ್ಮ?"

"ನಿನ್ನ ಮಗ, ತಾತ."

"ಹೌದಾ? ಊಟ ಮಾಡಿದ್ನಾ?"

"ಇಲ್ಲ ತಾತ. ಬೆಳಿಗ್ಗೆಯಿಂದ ಏನೂ ತಿಂದಿಲ್ಲ."

ಅಪ್ಪ ಮಡಿಲಲ್ಲಿದ್ದ ಬಾಳೆಹಣ್ಣನ್ನು ಅವನಿಗೆ ಕೊಟ್ಟರು. ಅವನು ಅದನ್ನು ಎರಡೂ ಕೈಯಿಂದ ತೆಗೆದುಕೊಂಡ. ಹೊರಗೆ ವ್ಯಾನಿನವನು ಹಾರನ್ ಒತ್ತಿದ. ಯಾರನ್ನು ಕರೆದುಕೊಂಡು ಹೋಗಬೇಕು, ಬೇಗ ಹೇಳಿ, ಇನ್ನೊಂದು ಕಡೆ ಹೋಗಬೇಕು ಎಂದು ಕೂಗಿದ. ನಾನು ತಮ್ಮನ ಕಡೆ ನೋಡಿದೆ. ಅದು ನಾನು ಹೇಳಬೇಕಾದ ಮಾತಾಗಿರಲಿಲ್ಲ.

ತಮ್ಮ ಮಗಳ ಮುಖ ನೋಡಿದ. "ತಾತ ಎಲ್ಲಿರ್ಬೇಕು ಬುಗುರಿ?"

ಅವಳು ಹತ್ತಿರ ಬಂದು ಅವನ ಕಣ್ಣೊಳಗೆ ಇಣುಕಿದಳು. ಎಲ್ಲಾದರೂ ಉತ್ತರ ಅಡಗಿಸಿಟ್ಟಿದ್ದಾನೋ ಎಂದು ಹುಡುಕುತ್ತಿದ್ದಳು. "ನಿಂಗೆ ನಿಜವಾಗ್ಲೂ ಗೊತ್ತಿಲ್ವಾ?"

"ಗೊತ್ತಿಲ್ಲ ಮಗಳೇ." ಆ ಮಾತು ಅವನ ಬಾಯಿಂದ ಬಂದದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ತಾತನ ರೂಮಲ್ಲಿ," ಎಂದಳು.

ತಮ್ಮ ಎದ್ದು ಹೋಗಿ ವ್ಯಾನಿನವನನ್ನು ಕಳಿಸಿ ಬಂದ. ಅಷ್ಟಕ್ಕೇ ಅವನ ಮೇಲೆ ನನಗೆ ಪ್ರೀತಿ ಉಕ್ಕಿ ಬಂತು ಎಂದುಕೊಳ್ಳಬೇಡಿ. ಗೋಡೆಯ ಮೇಲಿನ ಸೀಮೆಸುಣ್ಣದ ಗೆರೆಗಳನ್ನು ನೀನೇ ಒರೆಸಬೇಕು, ನಾನು ಬಂದು ನೋಡುತ್ತೇನೆ ಎಂದು ಹೇಳಿಯೇ ಅವನನ್ನು ಕಳಿಸಿದ್ದು.

ಬುಗುರಿ ತಾತನ ಒಂದು ಕೈ ಹಿಡಿದಳು, ತಮ್ಮ ಇನ್ನೊಂದು ಕೈ ಹಿಡಿದ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟಾಗ ಅಭ್ಯಾಸಬಲದಿಂದ ಅವನ ಬಾಯಿ ತೆರೆಯಿತು. ಬುಗುರಿ ಕತ್ತೆತ್ತಿ ಅವನನ್ನು ನೋಡಿದಳು. ಅವನು ಬಾಯಿ ಮುಚ್ಚಿಕೊಂಡ. ಇವತ್ತು ಯಾವ ವಾರ ಎಂದು ಅಪ್ಪ ಕೇಳಿದರು, ಅವಳು ಹೇಳಿದಳು, ಮೂವರೂ ಮೆಲ್ಲಗೆ ಹತ್ತಿಕೊಂಡು ಹೋದರು. ಯಾರೂ ಮೆಟ್ಟಿಲು ಎಣಿಸಲಿಲ್ಲ.